ಇನ್ನೂರ ನಲವತ್ತೊಂದನೆಯ ಬಂಡಿ

ಮಾನ್ವಿ ಬಸ್ಸಿನ ಕಂಡಕ್ಟರ್ ಅಬ್ದುಲ್ ವಹೀದ್ ರಾಯಚೂರಿನ ನಮ್ಮ ಮನೆಯ ಗೇಟಿನ ಮುಂದೆ ನಿಂತು ಟೋಪಿ ತೆಗೆದಾಗ ನಾನು ಬರಿಗಾಲಲ್ಲೇ ಹೊರಗೆ ಓಡಿಬಂದೆ.

“ಬಾಯೀ, ನಿಮ್ಮತ್ತಿ ಹೇಳಿ ಕಳಿಸ್ಯಾರ. ಕೂಡಲೇ ಬರಬೇಕಂತ.”

“ಏನಾಗ್ಯಾದಂತ?”

“ಅದನ್ನ ಹೇಳಲಿಲ್ರೀ. ಅಳಾಕತ್ತಿದ್ರು.”

ಆ ದಿನಗಳಲ್ಲಿ ಕಾಗದಕ್ಕಿಂತ ಬೇಗ ಮುಟ್ಟುತ್ತಿದ್ದುದು ಕಂಡಕ್ಟರ್ ಜೊತೆ ಹೇಳಿ ಕಳಿಸಿದ ಮಾತು. ಹಿಂದಿನ ವರ್ಷ, ಎಂಬತ್ತನಾಲ್ಕರ ಫೆಬ್ರವರಿಯಲ್ಲಿ, ಇದೇ ವಹೀದ್ ಇದೇ ಮಾತು ತಂದಿದ್ದ. ನಾನು ಮಾನ್ವಿ ಮುಟ್ಟುವಷ್ಟರಲ್ಲಿ ತಾಯಿಯನ್ನು ನೋಡಲು ಹೋಗಿದ್ದ ನನ್ನ ಗಂಡ ಶಂಭುಲಿಂಗಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಜ್ವರದಿಂದ ಹೋದ ಅಂದರು. ವಿಭೂತಿ ಉದುರಿ ಕಣ್ಣಿಗೆ ಬಿದ್ದೀತು ಎಂದಷ್ಟೇ ನನಗೆ ಆಗ ಅನಿಸಿದ್ದು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

“ನಾನೂ ಬರ್ತೀನಿ. ಚಪ್ಪಲಿ ಹಾಕ್ಕೊಳ್ರಿ,” ಎಂದರು ಹಿಂದಿನಿಂದ ಜಂಬಣ್ಣ.

ಜಂಬಣ್ಣ ನಮ್ಮ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ನಾನು ಗಣಿತ. ಶಂಭುವಿನ ತಂಗಿ ಅನ್ನಮ್ಮ ಒಂದು ವರ್ಷ ನನ್ನ ಜೊತೆ ಇದ್ದು ಮೆಡಿಕಲ್ ಎಂಟ್ರೆನ್ಸಿಗೆ ಓದಿದಳು. ಆಕೆಗೆ ಪಾಠ ಹೇಳಲು ಭಾನುವಾರಗಳಲ್ಲಿ ಅವರು ಬರುತ್ತಿದ್ದರು. ಪರೀಕ್ಷೆ ಮುಗಿದು ಅನ್ನಮ್ಮ ಮಾನ್ವಿಗೆ ಹೋದ ಮೇಲೂ ಭಾನುವಾರಗಳು ನಿಲ್ಲಲಿಲ್ಲ. ಒಂದು ದಿನ, ಶರ್ಟಿನ ಗುಂಡಿ ತಿರುವುತ್ತಾ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಅವರಿಗೆ ದೇವದುರ್ಗಕ್ಕೆ ವರ್ಗವಾಗಿತ್ತು. ನಾಳೆ ಹೊರಡುವವರು, ಇವತ್ತು ಹೇಳಿ ಹೋಗಲು ಬಂದಿದ್ದರು.

ಉತ್ತರ ಕೊಡದಿರಲು ಕಾರಣವಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಸಂಜೆ ನಾನು ಪೇಪರು ತಿದ್ದುತ್ತಾ ಕುಳಿತರೆ ಕುರ್ಚಿಯ ಹಿಂದೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಾತಿಗೆ ಮೊದಲು ಶಂಭು ಹಾಗೆ ಮಾಡುತ್ತಿದ್ದ. ಸದ್ದಾದ ಮೇಲೆ ಮಾತು ಬರುತ್ತಿರಲಿಲ್ಲ. ನಾನು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದೆ. ಚಹಾ ಎರಡು ಕಪ್ಪು ಮಾಡುತ್ತಿದ್ದೆ. ಎದುರಿನ ಕಪ್ಪು ಹಾಗೇ ಆರಿ, ಮೇಲೆ ಕೆನೆ ಕಟ್ಟುತ್ತಿತ್ತು.

ಮೊದಲ ಸಲ ಬಂದಾಗ ಜಂಬಣ್ಣ ಆ ಕಪ್ಪನ್ನು ನೋಡಿದರು. ನಾನು ಅದನ್ನೇ ಅವರ ಕಡೆ ಸರಿಸಿದೆ. ಅವರು ಮುಟ್ಟಲಿಲ್ಲ.

“ಇದು ಅವರದಿರಬೇಕು. ನನಗೊಂದು ಬ್ಯಾರೆ ಕೊಡ್ರಿ,” ಎಂದರು.

ಅವತ್ತು ರಾತ್ರಿ ನಾನು ಅವರ ಬಗ್ಗೆ ಯೋಚಿಸಿದೆ. ಸುಳ್ಳು ಏಕೆ ಹೇಳಲಿ.

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ನಡುವೆ ನನ್ನ ಚೀಲ, ಆಚೆ ಜಂಬಣ್ಣ. ಕಲ್ಲೂರು ದಾಟುವವರೆಗೆ ಅವರು ನನ್ನ ಬೆರಳುಗಳು ಮುಂದಿನ ಸೀಟಿನ ಸರಳು ಹಿಡಿದದ್ದನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ನಾನು ನೋಡಿದರೆ ಕಿಟಕಿಯಾಚೆಯ ಜಾಲಿ ಗಿಡ ನೋಡುತ್ತಿದ್ದರು.

“ಆ ಗಿಡದಾಗ ಅಂಥಾದ್ದೇನದ?” ಎಂದೆ.

“ಮುಳ್ಳದಾವ್ರಿ. ನಿಮ್ಮಂಗ.”

“ಹಂಗಿದ್ರ ಯಾಕ ಕೇಳಿದ್ರಿ ನನ್ನ?”

“ನಾ ದೇವದುರ್ಗದಾಂವ. ಮುಳ್ಳು ಕಂಡ್ರ ದಾರಿ ಬಿಡಂಗಿಲ್ಲ, ಚಪ್ಪಲಿ ಹೊಲಿಸ್ಕೋತೀವಿ.”

ನನ್ನ ತುಟಿ ಸ್ವಲ್ಪ ಸಡಿಲವಾಯಿತು. ಅಷ್ಟಕ್ಕೇ ಅವರು ಕುತ್ತಿಗೆಯವರೆಗೂ ಕೆಂಪಾದರು.

“ನಮ್ಮವ್ವ ಕೇಳಾಕತ್ತಾಳ್ರಿ. ಏನಂದಳು ಆಕಿ, ಏನಂದಳು ಅಂತ. ಇನ್ನೂ ಲೆಕ್ಕ ಮಾಡಾಕತ್ತಾರ, ಗಣಿತದವರು ಅಂತ ಹೇಳೀನಿ.”

“ನಾನು ಬಂದ್ರ,” ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. “ನಾನು ನಿಮ್ಮ ಮನಿಗೆ ಬಂದ್ರ, ಅವರು ಎಲ್ಲಿಗೆ ಬರಬೇಕ್ರಿ?”

ಅವರು ಯಾರು ಎಂದು ಜಂಬಣ್ಣ ಕೇಳಲಿಲ್ಲ.

ಬಸ್ಸು ತಿರುಗಿದಾಗ ಜಾರಿದ ನನ್ನ ಚೀಲವನ್ನು ಎತ್ತಿ ನೆಟ್ಟಗೆ ಇಟ್ಟರು.

*

ಮಾನ್ವಿಯ ಮನೆಯ ಅಂಗಳದಲ್ಲಿ ಜನ ಇದ್ದರು. ನಾನು ಮೊದಲು ಪಡಸಾಲೆ ನೋಡಿದೆ. ಗೋಡೆಗೆ ಒರಗಿಸಿ ಯಾರನ್ನೂ ಕೂರಿಸಿರಲಿಲ್ಲ. ಕಟ್ಟೆಯ ಮೇಲೆ ಎದುರು ಮನೆಯ ಬಟ್ಟೆ ಅಂಗಡಿ ಹುಲಿಗೆಪ್ಪ ಪೇಡೆಯ ಡಬ್ಬಿ ಹಿಡಿದು ಕೂತಿದ್ದ. ಒಳಗಿನ ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಅನ್ನಮ್ಮ. ಹೊರಗೆ ಬಾಗಿಲಿಗೆ ತಲೆ ಆನಿಸಿ ನನ್ನ ಅತ್ತೆ ಬಸವಂತಮ್ಮ.

“ನಿನ್ನಿಯಿಂದ ಕೂಳು ನೀರು ಮುಟ್ಟಿಲ್ಲ ಬೇ ಆಕಿ,” ಎಂದರು ಅತ್ತೆ ನನ್ನನ್ನು ಕಂಡೊಡನೆ. “ಫೇಲಾದಂಗಂತ. ಒಬ್ಬಾಂವ ಹ್ವಾದ. ಇದೂ ಏನಾರ ಮಾಡಿಕೊಂಡ್ರ ನಾ ಯಾರ ಮಾರಿ ನೋಡ್ಲಿ?”

ವಿಷಯ ಹೊರಬಂದದ್ದು ಹುಲಿಗೆಪ್ಪನಿಂದ. ಹಿಂದಿನ ದಿನ ಅವನು ರಾಯಚೂರಿಗೆ ಹೋಗಿ, ಗೋಡೆಗೆ ಅಂಟಿಸಿದ ರಿಸಲ್ಟಿನ ಪಟ್ಟಿಯಲ್ಲಿ ತನ್ನ ಮಗನ ನಂಬರೂ ಅನ್ನಮ್ಮನ ನಂಬರೂ ಹುಡುಕಿ ಬಂದಿದ್ದ.

“ನಮ್ಮ ಹುಡುಗಂದು ಐನೂರ ತೊಂಬತ್ರೀ,” ಎಂದು ನನಗೊಂದು ಪೇಡೆ ಹಿಡಿದ. “ಅನ್ನಮ್ಮಂದು ಬರೇ ಇನ್ನೂರ ನಲವತ್ತೊಂದು. ಆರುನೂರಕ್ಕ! ನಮಗೂ ಭಾಳ ಕೆಟ್ಟನಿಸ್ತು. ಹೆಣ್ಣುಹುಡುಗಿ, ಎಷ್ಟು ಓದಿತ್ತು.”

ಪೇಡೆ ನನ್ನ ಅಂಗೈಯಲ್ಲೇ ಉಳಿಯಿತು. ಜಂಬಣ್ಣ ನನ್ನ ಕಡೆ ನೋಡಿದರು. ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆದಿತ್ತು.

“ಹುಲಿಗೆಪ್ಪಣ್ಣ,” ಎಂದರು ಜಂಬಣ್ಣ ಮೆಲ್ಲಗೆ. “ಆ ಪಟ್ಟಿಯೊಳಗ ಎಲ್ಲಾಕಿಂತ ದೊಡ್ಡ ನಂಬರ್ ಎಷ್ಟಿತ್ತು?”

“ಯಪ್ಪಾ, ಅದನ್ನೇನ್ ಕೇಳ್ತೀರಿ. ಒಬ್ಬಾಂವ ಎಂಟು ಸಾವಿರದ ಮ್ಯಾಲಿದ್ದ.”

“ಆರುನೂರಕ್ಕ ಎಂಟು ಸಾವಿರ ಮಾರ್ಕ್ಸ್ ತಗೊಂಡಾಂವ ಯಾರಪ್ಪ ಅಂವ?”

ಹುಲಿಗೆಪ್ಪ ಡಬ್ಬಿಯನ್ನೇ ನೋಡಿದ. “ಭಾಳ ಶ್ಯಾಣ್ಯಾ ಇದ್ದಾನು ಅಂದ್ಕೊಂಡ್ನಿ.”

ಹೊರಗೆ ಯಾರೋ ಕಿಸಕ್ಕೆಂದರು. ಅತ್ತೆಗೆ ನಗು ಹತ್ತಲಿಲ್ಲ. ಅವರು ಎದ್ದು ಬಂದು ಜಂಬಣ್ಣನ ಮುಂದೆ ನಿಂತರು.

“ನಂಗ ತಿಳಿಯಂಗ ಹೇಳಪ್ಪ. ನನ್ನ ಮಗಳು ಪಾಸೋ, ಫೇಲೋ?”

“ಯವ್ವಾ, ಸುಗ್ಗಿಯಾಗ ನಿಮ್ಮ ಗಿರಣಿ ಮುಂದ ಭತ್ತದ ಬಂಡಿ ಪಾಳಿ ಹಚ್ಚತಾವಲ್ಲ?”

“ಪೋತ್ನಾಳ ದಾರಿತನಕ ಹಚ್ಚತಾವ.”

“ಬಂಡಿಯಾಗ ಎಷ್ಟು ಚೀಲ ಅದಾವ ಅನ್ನೋದು ಮಾರ್ಕ್ಸು. ಪಾಳಿಯಾಗ ಬಂಡಿ ಎಷ್ಟನೇದು ಅನ್ನೋದು ರ‍್ಯಾಂಕು. ಹುಲಿಗೆಪ್ಪಣ್ಣ ನೋಡಿಬಂದದ್ದು ಬಂಡಿ ಎಷ್ಟನೇದು ಅಂತ, ಚೀಲ ಅಲ್ಲ. ಎಂಟು ಸಾವಿರ ಬಂಡಿ ನಿಂತಾವ, ಚೀಲ ಹೆಚ್ಚಿದ್ದದ್ದು ಮುಂದ. ನಿಮ್ಮ ಮಗಳದು ಇನ್ನೂರ ನಲವತ್ತೊಂದನೇ ಬಂಡಿ.”

ಅತ್ತೆ ಗಿರಣಿಯ ಮನೆಯವರು. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬಾಗಿಲ ಕಡೆ ತಿರುಗಿ, “ಅನ್ನೀ! ಮುಂದದಿ ಬೇ ನೀನು!” ಎಂದು ಕೂಗಿದರು. ಆಮೇಲೆ ಹುಲಿಗೆಪ್ಪನ ಕಡೆ, “ಏನಲೇ, ನಿನ್ನ ಮಗನ ಬಂಡಿ ಹಿಂದ ನಿಂತದ, ಅದಕ್ಕ ಊರೆಲ್ಲಾ ಪೇಡೆ ಹಂಚಿದೇನು?”

“ತಿಂದವರನ್ನ ವಾಪಸ್ ಕೇಳಾಕ ಬರಂಗಿಲ್ಲಲ್ಲವ್ವಾ,” ಎಂದ ಹುಲಿಗೆಪ್ಪ.

“ನಿಮ್ಮ ಹುಡುಗಂದೂ ದೂರ ಇಲ್ರಿ. ಅಂವಗೂ ಎಲ್ಲಾರ ಸೀಟು ಸಿಕ್ಕೀತು,” ಎಂದರು ಜಂಬಣ್ಣ. ಅವನ ಮುಖಕ್ಕೆ ಜೀವ ಬಂತು.

ಚಿಲಕದ ಸದ್ದಾಯಿತು. ಅನ್ನಮ್ಮ ಹೊರಬಂದಳು. ಕಣ್ಣು ಊದಿದ್ದವು. ಯಾರನ್ನೂ ನಂಬದವಳಂತೆ ನನ್ನೊಬ್ಬಳನ್ನೇ ನೋಡಿದಳು.

“ಖರೇನಾ ಅತ್ತಿಗಿ? ನನ್ನ ಪಿಯುಸಿ ಮಾರ್ಕ್ಸ್ ಎಷ್ಟು ಕೆಟ್ಟಿದ್ವು! ಅಣ್ಣ ಹೋದ ತಿಂಗಳೊಪ್ಪತ್ತಿಗೆ ಬರೆದ ಪರೀಕ್ಷಿ. ಅವನ್ನ ಬಿಟ್ಟು ಲೆಕ್ಕ ಮಾಡ್ಯಾರೇನು?”

ಜಂಬಣ್ಣ ನನ್ನ ಕಡೆ ಕೈ ತೋರಿದರು. “ಅದನ್ನ ಮೇಡಂ ಹೇಳ್ತಾರ. ಲೆಕ್ಕ ಅವರದು,” ಎಂದರು.

ನಾನು ಹೇಳತೊಡಗಿದೆ. ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಪಿಯುಸಿಯ ಮಾರ್ಕ್ಸನ್ನು ನೂರಕ್ಕೆ ಎಷ್ಟು ಎಂದು ಇಳಿಸಿ ಅದರಲ್ಲಿ ಅರ್ಧ, ಎಂಟ್ರೆನ್ಸಿನದನ್ನು ಹಾಗೇ ಇಳಿಸಿ ಅರ್ಧ. ಎರಡನ್ನೂ ಕೂಡಿಸಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ ರ‍್ಯಾಂಕ್.

“ಬಿಟ್ಟಿಲ್ಲ ಅನ್ನೀ,” ಎಂದೆ. “ಆ ವರ್ಷನ ಯಾರೂ ಅಳಸಂಗಿಲ್ಲ. ಅದೂ ಅರ್ಧ ಹಿಡೀತದ. ಆದ್ರ ಅದೊಂದನ್ನ ಹಿಡಿಯಂಗಿಲ್ಲ. ಆಮ್ಯಾಲಿನ ವರ್ಷ ನೀ ಏನ್ ಮಾಡಿದೆ, ಅದೂ ಅಷ್ಟ ತೂಕ.”

ಹೇಳಿ ಮುಗಿದ ಮೇಲೆ ಜಂಬಣ್ಣ ತಮ್ಮ ಚಪ್ಪಲಿಯ ತುದಿ ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ. ಕಣ್ಣೆತ್ತಿದಾಗ ಅತ್ತೆ ನಮ್ಮಿಬ್ಬರನ್ನೂ ನೋಡುತ್ತಿದ್ದರು.

*

ಒಲೆ ಹೊತ್ತಿತು. ಅತ್ತೆ ಹುಗ್ಗಿಗೆ ಗೋಧಿ ಹಾಕಿ, ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಆ ಮಾಸ್ತರ ಕೇಳ್ಯಾನೇನು ನಿನ್ನ?”

ಸೌಟು ತಿರುವುತ್ತಾ ಕೇಳಿದರು, ಉಪ್ಪು ಹಾಕಿದೆಯಾ ಎನ್ನುವಂತೆ. ನಾನು ಹೌದೆಂದೆ.

“ನೀ ಏನಂದಿ?”

“ಏನೂ ಅಂದಿಲ್ಲ ಅತ್ತಿ.”

“ಯಾಕ? ಮಂದಿಗೆ ಅಂಜಿ?”

ಹೊಗೆಗೆ ಕಣ್ಣು ಉರಿಯುತ್ತಿತ್ತು. ಸುಳ್ಳು ಹುಡುಕಿದೆ; ಸಿಗಲಿಲ್ಲ. “ಅವರು ಬರ್ತಾರ ಅತ್ತಿ. ದಿನಾ ಸಂಜಿಗೆ. ನನ್ನ ಕುರ್ಚಿ ಹಿಂದ ನಿಲ್ತಾರ. ನಾ ಎದ್ದು ಹ್ವಾದ್ರ ಅವರು ಎಲ್ಲಿ ಹೋಗಬೇಕು?”

ಹುಚ್ಚಿ ಅನ್ನುತ್ತಾರೆ ಎಂದುಕೊಂಡೆ. ಅತ್ತೆಯ ಕೈಯಲ್ಲಿ ಸೌಟು ನಿಂತಿತು. ಮುಖದಲ್ಲಿ ಬಂದದ್ದು ಕನಿಕರವಲ್ಲ. ಅದನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಟ್ಟೆಕಿಚ್ಚು.

“ನಿನ್ನ ಹತ್ರ ಬರ್ತಾನೇನು?” ಎಂದರು. “ಮಾತಾಡ್ತಾನೇನು?”

“ಮಾತಾಡಂಗಿಲ್ಲ. ಗಂಟಲು ಸರಿ ಮಾಡ್ಕೋತಾರ.”

“ಹೂಂ. ಸಣ್ಣಾಂವಿದ್ದಾಗಿಂದ ಹಂಗ.” ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟರು. “ಹೊರಗ ಬಾಜಿ ಮಂಚ ಹಾಕ್ಕೊಂಡು ಮಲಗತೀನಿ ಬೇ ನಾನು. ಬಾಗಿಲಾ ತಗದ ಬಿಡ್ತೀನಿ. ಹೋಗಿ ವರ್ಷದ ಮ್ಯಾಲಾತು. ಒಂದಿನ ಬರಲಿಲ್ಲ. ಹೆತ್ತಾಕಿ ನಾನು. ನನ್ನ ಹತ್ರ ಒಂದಿನ ಬರಲಿಲ್ಲ ಅಂವ.”

ನಾನು ಅವರ ಕೈ ಹಿಡಿಯಬೇಕಿತ್ತು. ಹಿಡಿಯಲು ಆಗಲಿಲ್ಲ.

“ನೀ ಇರೋತನಕ ನಿನ್ನ ಹತ್ರನ ಇರ್ತಾನ,” ಎಂದರು ಅತ್ತೆ. “ನೀ ಹೋಗು ನೀಲಾ. ನೀ ಆ ಮಾಸ್ತರನ ಮನಿಗೆ ಹ್ವಾದ್ರ, ಅಂವಗ ಬ್ಯಾರೆ ಕಡಿ ಇಲ್ಲ. ನನ್ನ ಹತ್ರ ಬಂದಾನು.”

“ಅತ್ತಿ...”

“ನಿನಗಂತ ಹೇಳಾಕತ್ತಿಲ್ಲ. ನನಗಂತ ಹೇಳಾಕತ್ತೀನಿ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಮತ್ತ ಕೇಳು. ಗಂಡ ಹೋದಾಕಿಗೆ ಮತ್ತ ಲಗ್ನ, ಉಡಿಕಿ ಮಾಡೋದು ಕತ್ತಲಾಗ. ಹಿತ್ತಲಾಗ ಸೀರಿ ಕೊಟ್ಟು, ಮುತ್ತೈದೇರು ಮಾರಿ ನೋಡಬಾರದಂತ ಬಾಗಿಲಾ ಹಾಕ್ಕೋತಾರ. ನನ್ನ ಮನಿಯಾಗ ಹಂಗಿಲ್ಲ. ಹಗಲಾಗ, ಈ ಅಂಗಳದಾಗ. ಸೀರಿ ನಾ ಕೊಡ್ತೀನಿ. ಹುಲಿಗೆಪ್ಪನ ಅಂಗಡ್ಯಾಗ ತರಿಸ್ತೀನಿ. ಅಂವ ಕಣ್ಣಾರೆ ನೋಡ್ಲಿ, ಊರಿಗೆ ಸಾರಿಕೊಂಡು ಬರ್ಲಿ. ಈ ಸಲ ಆದ್ರೂ ಸರಿಯಾಗಿ ಹೇಳ್ಯಾನು.”

*

ಇಳಿಹೊತ್ತಿನ ಬಸ್ಸಿಗೆ ನಾವು ಹೊರಟೆವು. ಅನ್ನಮ್ಮ ಬಸ್‌ಸ್ಟ್ಯಾಂಡಿನವರೆಗೆ ಬಂದು ಜಂಬಣ್ಣನ ಕಾಲಿಗೆ ಬಿದ್ದಳು. “ಬಳ್ಳಾರಿಯಾಗ ಸೀಟ್ ಸಿಕ್ಕು ಡಾಕ್ಟರಾದ ಮ್ಯಾಲೆ ಮೊದಲ ಇಂಜೆಕ್ಷನ್ ನಿಮಗ ಸರ್,” ಎಂದಳು. “ಅದಕ್ಕ ನಾ ಊರು ಬಿಟ್ಟು ದೇವದುರ್ಗಕ್ಕ ಹೊಂಟೀನಿ,” ಎಂದರು ಅವರು. ಆಕೆ ಎಷ್ಟೋ ದಿನಗಳ ಮೇಲೆ ನಕ್ಕಳು.

ಬಸ್ಸು ಊರು ದಾಟಿತು. ಚೀಲವನ್ನು ನಾನು ಕಾಲ ಬುಡದಲ್ಲಿ ಇಟ್ಟಿದ್ದೆ. ಅವರು ಅದನ್ನು ಗಮನಿಸಿ, ಗಮನಿಸದವರಂತೆ ಕೂತಿದ್ದರು.

“ಅತ್ತಿಯವರು ಒಳಗ ಏನಂದ್ರು?” ಎಂದು ಕೇಳಿದರು.

ಹೇಳಿದೆ. ಒಂದೂ ಬಿಡದೆ ಹೇಳಿದೆ. ಕೇಳುತ್ತಾ ಅವರ ಮುಖ ಸಣ್ಣದಾಯಿತು. ಮದುವೆಗೆ ಹೂಂ ಅನಿಸಿಕೊಂಡ ಗಂಡಸಿನ ಖುಷಿ ಅಲ್ಲಿರಲಿಲ್ಲ.

“ಅವರು ಬರದಿದ್ರ?” ಎಂದರು. “ಆ ತಾಯಿ ಹತ್ರ ಬರದಿದ್ರ ಏನ್ರಿ?”

“ಗೊತ್ತಿಲ್ಲ.”

“ನಿಮ್ಮ ಹಿಂದ ನಮ್ಮ ಮನಿಗೆ ಬಂದ್ರೂ ನನಗೇನೂ ಅಡ್ಡಿ ಇಲ್ರಿ. ನಮ್ಮವ್ವಗೂ ಹೇಳ್ತೀನಿ.”

ಹಾಗೆ ಹೇಳುವ ಮನುಷ್ಯ ಇನ್ನೊಬ್ಬನಿರಲಾರ ಎನಿಸಿತು. “ನಾಳೆ ದೇವದುರ್ಗಕ್ಕ ಹ್ವಾದ ಮ್ಯಾಲೆ,” ಎಂದೆ, “ನಿಮ್ಮವ್ವನ್ನ ಕರಕೊಂಡು ಮಾನ್ವಿಗೆ ಬರ್ರಿ. ಹಗಲಾಗ.”

“ಅಂದ್ರ... ಹೂಂ ಏನ್ರಿ?”

“ಹೂಂ.”

ಅವರು ಮುಂದಿನ ಸೀಟಿನ ಸರಳಿಗೆ ಹಣೆ ಆನಿಸಿದರು.

ನಾನು ಹಿಂತಿರುಗಿ ನೋಡಿದೆ. ಹಿಂದಿನ ಸೀಟು ಖಾಲಿ ಇತ್ತು. ರಸ್ತೆಯ ಧೂಳಿನಲ್ಲಿ ಮಾನ್ವಿ ಕಾಣದಾಗಿತ್ತು. ಅಲ್ಲಿ ಅತ್ತೆ ಈಗ ಬಾಜಿ ಹೊರಗೆ ಹಾಕುತ್ತಿರಬೇಕು. ಹೋಗು, ಎಂದು ಮನಸ್ಸಿನಲ್ಲೇ ಶಂಭುವಿಗೆ ಹೇಳಿದೆ. ಆಕೆಯ ಹತ್ತಿರ ಒಂದು ಸಲವಾದರೂ ಹೋಗು.

ಬಸ್ಸಿನ ಸದ್ದಿನಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಲಿಲ್ಲ.

ನಾನು ಕೈ ಚಾಚಿ ಜಂಬಣ್ಣನ ಕೈ ಹಿಡಿದೆ. ಅದು ಬೆಚ್ಚಗಿತ್ತು. ಅದಕ್ಕೇ ಅಳು ಬಂತು.