ಅಪ್ಪನ ಐದು ಕಲ್ಲು

"ಮೊದ್ಲ ಚಾಕು ಕೆಳಗ ಇಡ್ರಿ. ಆಮ್ಯಾಲ ಮಾತು."

ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದ ಯುವಕ ತಲೆ ಎತ್ತಿದ. ಕೈಯಲ್ಲಿ ಚಾಕು. ಕಾಲ ಬಳಿ, ದೋಣಿ ಕಟ್ಟುವ ಹಗ್ಗಗಳು ತುಂಡು ತುಂಡಾಗಿ ಬಿದ್ದಿದ್ದವು. ಎದುರಿಗೆ ಒಬ್ಬಳು ಹುಡುಗಿ, ಕಣ್ಣಲ್ಲೇ ಪೊಲೀಸ್ ಠಾಣೆ ಇಟ್ಟುಕೊಂಡು ನಿಂತಿದ್ದಳು.

"ಹಗ್ಗ ಸತ್ತದ್ರಿ ಮೇಡಮ್," ಎಂದ ಅವನು. ಒಂದು ತುಂಡನ್ನು ಬೆರಳಲ್ಲಿ ಉಜ್ಜಿದ. ನೈಲಾನ್ ಎಳೆ ಪುಡಿಪುಡಿಯಾಗಿ ಉದುರಿತು. "ಬಿಸಿಲಿಗೆ ಸುಟ್ಟದ. ಶುಕ್ರವಾರ ಬಿರುಗಾಳಿ ಅದ ಅಂತಾರ, ಅದಕ್ಕ ಒಂದು ತಾಸು ಸುದ್ಧಾ ತಡೆಯೂದಿಲ್ಲ."

"ನೀವು ಯಾರು?"

"ಸಮ್ಯಕ. ಘಾಟಬೋರಾಳದವ. ದೋಣಿ ಭದ್ರ ಮಾಡಾಕ ಅಂತ ಮಹಾರುದ್ರಪ್ಪ ಸಾಹುಕಾರ್ರು ಕಳಿಸ್ಯಾರ."

'ಸಾಹುಕಾರರು ಹೋದ ಸಲವೂ ಒಬ್ಬನನ್ನು ಕಳಿಸಿದ್ದರು...' ಪ್ರಣಿತಾಳ ಎದೆಯೊಳಗೆ ಹಳೆಯ ಉರಿ ಎದ್ದಿತು.

ಬಸವಕಲ್ಯಾಣದ ಹೊರಗೆ, ಚುಳಕಿನಾಲಾ ಹಿನ್ನೀರಿನಲ್ಲಿ ಹಾಯಿದೋಣಿ ಕ್ಲಬ್ ಇದೆ ಅಂದರೆ ನೀವು ನಗುತ್ತೀರಿ. ನಗಿರಿ, ಪರವಾಗಿಲ್ಲ. ಸಮುದ್ರ ಎಲ್ಲೋ ಇದೆ, ಆದರೆ ಗಾಳಿ ಇಲ್ಲೂ ಇದೆಯಲ್ಲ? ಏಳು ಫೈಬರ್ ದೋಣಿ, ಒಂದು ಮರದ ದೋಣಿ, ಒಂದು ತಗಡಿನ ಶೆಡ್ಡು. ಇಷ್ಟನ್ನೂ ನೋಡಿಕೊಳ್ಳುವವಳು, ಬಂದವರಿಗೆ ಹಾಯಿ ಬಿಡಿಸಲು ಕಲಿಸುವವಳು ಪ್ರಣಿತಾ. ಕ್ಲಬ್ಬಿನ ಅಧ್ಯಕ್ಷರು ಹುಮನಾಬಾದಿನ ಧಾನ್ಯ ವ್ಯಾಪಾರಿ ಮಹಾರುದ್ರಪ್ಪನವರು.

ಎರಡು ವರ್ಷದ ಹಿಂದೆ ಇಂಥದ್ದೇ ಬಿರುಗಾಳಿ ಬಂದಿತ್ತು. ಆಗ ಸಾಹುಕಾರರು ಕಳಿಸಿದ್ದ ಕೆಲಸದವನು "ನಾಕು ಹಾಯಿ ಗಾಳಿ ಒಯ್ತು" ಎಂದು ಕಣ್ಣೊರೆಸಿಕೊಂಡಿದ್ದ. ವಾರದ ಮೇಲೆ ಚಿಟಗುಪ್ಪದ ಸಂತೆಯಲ್ಲಿ ಪ್ರಣಿತಾ ನೋಡುತ್ತಾಳೆ, ತೊಗರಿ ಚೀಲಗಳ ಮೇಲೆ ತಾಡಪತ್ರಿಯಂತೆ ಹೊದಿಸಿದ್ದು ತಮ್ಮದೇ ಹಾಯಿ! ಕ್ಲಬ್ಬಿನ ನೀಲಿ ನಂಬರು ಕೂಡ ಅಳಿಸಿರಲಿಲ್ಲ. ಅಂದಿನಿಂದ ಅವಳಿಗೆ ಗಾಳಿಗಿಂತ ಗಾಳಿಯ ನೆಪದಲ್ಲಿ ಬರುವವರ ಭಯವೇ ಹೆಚ್ಚು.

ಹಾಯಿ ಹೋದರೆ ಮತ್ತೆ ಹೊಲಿಸಬಹುದು. ಆದರೆ ಬೇವಿನ ಮರದ ಕೆಳಗೆ ಇದ್ದ ಆ ಮರದ ದೋಣಿ? ಅದು ಅಪ್ಪ ಸಂಘಪಾಲ ಕೈಯಾರೆ ಕಟ್ಟಿದ್ದು. ಮೀನು ಹಿಡಿದು ಮಗಳನ್ನು ಓದಿಸಿದ ಅಪ್ಪ ಹೋಗಿ ಮೂರು ವರ್ಷವಾಯಿತು. ಅವನದೆಂದು ಉಳಿದಿದ್ದು ಆ ದೋಣಿ, ಮತ್ತು ಅದರೊಳಗಿದ್ದ ಐದು ದುಂಡು ಕಲ್ಲು. ಕಲ್ಲು ಯಾತಕ್ಕೆಂದು ಅವಳು ಅಪ್ಪನನ್ನು ಕೇಳಿರಲಿಲ್ಲ. ಅವನು ಮುಟ್ಟಿದ್ದು ಎಂಬ ಒಂದೇ ಕಾರಣಕ್ಕೆ ಸುಣ್ಣ ಬಳಿದು, ದೋಣಿಯ ಪಕ್ಕ ಸಾಲಾಗಿ ಜೋಡಿಸಿದ್ದಳು. ಆ ದೋಣಿಯನ್ನು ಮತ್ತೆ ನೀರಿಗೆ ಇಳಿಸಿರಲೂ ಇಲ್ಲ.

ಸಮ್ಯಕನ ಕಣ್ಣು ಮೊದಲ ದಿನವೇ ಅಲ್ಲಿಗೆ ಹೋಯಿತು.

"ಮೇಡಮ್, ಈ ಕಲ್ಲು ಎಲ್ಲಿಂದ ಬಂದಾವ್ರಿ?"

"ನಮ್ಮಪ್ಪಂದು. ಮುಟ್ಟಬ್ಯಾಡ್ರಿ."

"ದೋಣಿ?"

"ಅದೂ ನಮ್ಮಪ್ಪಂದ. ಅದನ್ನಂತೂ ಮುಟ್ಟಲೇಬ್ಯಾಡ್ರಿ."

ಅವನು ಕೈ ಕಟ್ಟಿಕೊಂಡು ಸುಮ್ಮನೆ ಹಿಂದೆ ಸರಿದ. 'ಅದನ್ನೇ ಯಾಕೆ ಕೇಳಿದ...?' ಅವಳ ಮನಸ್ಸಿನಲ್ಲಿ ಹುಳ ಹೊಕ್ಕಿತು.

ಗುರುವಾರ ಇಡೀ ದಿನ ಇಬ್ಬರೂ ದುಡಿದರು. ಫೈಬರ್ ದೋಣಿಗಳನ್ನು ಮೇಲಿನ ಬಯಲಿಗೆ ಎಳೆದರು. ಹಾಯಿಕಂಬ ಇಳಿಸಿ, ದೋಣಿಗಳನ್ನು ಬೋರಲು ಹಾಕಿದರು. ನೆಲಕ್ಕೆ ಹೊಡೆದ ಗೂಟ ಗಾಳಿಗೆ ಕಿತ್ತುಬರುತ್ತದೆಂದು ಸಮ್ಯಕ ಬೇರೆಯೇ ದಾರಿ ಹಿಡಿದ. ಹೊಲದಲ್ಲಿ ಮೇವಿನ ಬಣವೆ ಹಾರದಂತೆ ಮಾಡುತ್ತಾರಲ್ಲ, ಹಾಗೆ ದೋಣಿಯ ಮೇಲೆ ಅಡ್ಡಡ್ಡ ಹಗ್ಗ ಹಾಯಿಸಿ, ಎರಡೂ ತುದಿಗೆ ಉಸುಕಿನ ಚೀಲ ಜೋತುಬಿಟ್ಟ.

"ಇದೇನು ದೋಣಿನಾ, ಕಣಿಕಿ ಬಣವಿನಾ?"

"ಗಾಳಿಗೆ ಎರಡೂ ಒಂದೇರಿ. ಅದು ಹೆಸರು ಕೇಳಿ ಎತ್ತೂದಿಲ್ಲ."

ನಗು ಬಂತು. ನುಂಗಿಕೊಂಡಳು. ಕಳ್ಳನ ಮಾತಿಗೆ ನಗಬಾರದು.

ಹಗ್ಗ ಎಳೆದು ಎಳೆದು ಅವಳ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅವನು ಹೆಗಲ ಮೇಲಿನ ಟವೆಲ್ಲಿನ ಅಂಚು ಹರಿದು ಕಟ್ಟಿದ. ಗಂಟು ಹಾಕುವಾಗ ಅವನ ಉಸಿರು ಅವಳ ಬೆರಳಿಗೆ ತಾಕಿತು.

'ಕಳ್ಳರು ಹೀಗೆ ಬಟ್ಟೆ ಹರಿದು ಕಟ್ಟುತ್ತಾರಾ...? ಕಟ್ಟುತ್ತಾರೆ. ನಂಬಿಕೆ ಬರಲಿ ಅಂತ ಕಟ್ಟುತ್ತಾರೆ.' ಹೀಗೆ ಅಂದುಕೊಂಡಳಾದರೂ ಮನೆಗೆ ಹೋದ ಮೇಲೂ ಆ ಬಟ್ಟೆ ಬಿಚ್ಚಲಿಲ್ಲ.

ಅವತ್ತು ಸಂಜೆಯೇ ಅವನು ಎಲ್ಲ ಹಾಯಿಗಳನ್ನೂ ಸುತ್ತಿ ಟೆಂಪೊಗೆ ಹಾಕಿಸಿ, ತಾನೂ ಜೊತೆಗೆ ಹೋಗಿದ್ದ. ತಗಡಿನ ಶೆಡ್ಡು ನಿಲ್ಲುವುದಿಲ್ಲ, ಹುಮನಾಬಾದಿನ ಸಾಹುಕಾರರ ಗೋದಾಮೇ ಸರಿ ಎಂದಿದ್ದ. ಹುಮನಾಬಾದಿನ ಗೋದಾಮಿಗೋ, ಚಿಟಗುಪ್ಪದ ಸಂತೆಗೋ?

ಶುಕ್ರವಾರ ಬೆಳಿಗ್ಗೆ ಪ್ರಣಿತಾ, ಅವ್ವನಿಗೆ ಮೈ ಸರಿಯಿಲ್ಲ ಎಂದು ಅವನಿಗೆ ಸುಳ್ಳು ಹೇಳಿ ಹುಮನಾಬಾದ್ ಬಸ್ಸು ಹತ್ತಿದಳು.

ಗೋದಾಮಿನ ಬಾಗಿಲಲ್ಲಿ ನಿಂತಾಗ ಫೋನು ಬಡಿಯಿತು. ಸಮ್ಯಕ. ಎತ್ತಿದರೆ ಬಸ್ಸಿನ, ಬಜಾರಿನ ಸದ್ದು ಕೇಳಿ ಎಲ್ಲಿದ್ದೇನೆಂದು ಗೊತ್ತಾದೀತು. ಕಟ್ ಮಾಡಿದಳು. ಮತ್ತೆ ಬಡಿಯಿತು. ಮತ್ತೆ ಕಟ್ ಮಾಡಿದಳು. ಮೂರನೆಯ ಸಲಕ್ಕೆ ಸದ್ದೇ ಬಂದ್ ಮಾಡಿ ಚೀಲಕ್ಕೆ ಹಾಕಿದಳು.

ಸಾಹುಕಾರರ ಹೆಂಡತಿ ರುಕ್ಮಿಣಿಬಾಯಿ ಒಳಗೆ ಕರೆದೊಯ್ದು ತೋರಿಸಿದರು. ಎಲ್ಲ ಹಾಯಿಗಳೂ ಇಲಿ ಮುಟ್ಟದಂತೆ ತೊಲೆಗೆ ತೂಗುಬಿದ್ದಿದ್ದವು. ಒಂದೊಂದಕ್ಕೂ ನಂಬರು ಬರೆದ ಚೀಟಿ.

"ಚಿಟಗುಪ್ಪಿ ಟೆಂಪೊದವ ಅರ್ಧ ದಾರಿಗೇ ಇಳಸ್ತೀನಿ ಅಂದನಂತ. ಆ ಹುಡುಗ ಜಗಳಾಡಿ ಇಲ್ಲೀತನಕ ತಂದು, ತಾನ ಏಣಿ ಹತ್ತಿ ಕಟ್ಟಿ ಹೋದ," ಎಂದರು ರುಕ್ಮಿಣಿಬಾಯಿ. "ಯಾಕವ್ವ, ಏನಾರ ಕಡಿಮಿ ಅದೇನು?"

"ಇಲ್ರಿ ಕಾಕು... ಸುಮ್ನ ನೋಡಾಕ ಬಂದಿದ್ದೆ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಸ್ಸಿನಲ್ಲಿ ಬರುವಾಗ ಅಂಗೈಯ ಬಟ್ಟೆಯನ್ನು ಸವರುತ್ತ ಕುಳಿತಳು. ಹೋದ ಕೂಡಲೇ ತಪ್ಪಾಯಿತು ಅನ್ನಬೇಕು... ಇನ್ನೂ ಏನೇನೋ ಅನ್ನಬೇಕು ಎಂದುಕೊಂಡಳು.

ಅನ್ನಲು ಅವನು ಇರಲಿಲ್ಲ.

ಬಯಲಲ್ಲಿ ಏಳು ದೋಣಿ ಕಟ್ಟಿದಂತೆಯೇ ಇದ್ದವು. ಬೇವಿನ ಕೆಳಗೆ ಮರದ ದೋಣಿ ಇಲ್ಲ. ಐದು ಕಲ್ಲೂ ಇಲ್ಲ. ಅವನ ಫೋನು ಸ್ವಿಚ್ ಆಫ್.

ರಸ್ತೆಯ ಬದಿಯ ಚಹಾದಂಗಡಿಗೆ ಓಡಿದಳು. "ಅಜರ್ ಭಾಯಿ, ಸಮ್ಯಕನ್ನ ನೋಡಿದ್ರೇನು?"

"ಟ್ರ್ಯಾಕ್ಟರ್ ಮ್ಯಾಲ ಜಲ್ದಿ ಜಲ್ದಿ ಹೋದ ಪ್ರಣಿತಾಕ್ಕ. ಹಿಂದ ಟ್ರಾಲಿ ಇತ್ತು. ಮ್ಯಾಲ ತಾಡಪತ್ರಿ ಮುಚ್ಚಿತ್ತು."

ತಾಡಪತ್ರಿ! ಹಾಯಿಯನ್ನು ಕಾಪಾಡಿ ನಂಬಿಸಿ, ಅಪ್ಪನ ದೋಣಿಗೆ ಕೈ ಹಾಕಿದನಲ್ಲ. ಆದರೂ ಒಂದು ಮಾತು ಮಾತ್ರ ಎಲ್ಲಿಯೂ ಹೊಂದಲಿಲ್ಲ. ದೋಣಿ ಕದ್ದರೆ ಮಾರಬಹುದು, ಸುಣ್ಣದ ಕಲ್ಲು ಯಾರಿಗೆ ಬೇಕು?

ಯೋಚಿಸಲು ಹೊತ್ತು ಸಿಗಲಿಲ್ಲ. ಮೂರು ಗಂಟೆಗೆ ಆಕಾಶ ಕಪ್ಪಾಗಿ ಗಾಳಿ ಬಂತು. ಅಜರನ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕುಳಿತು ಅವಳು ಶೆಡ್ಡಿನ ತಗಡು ಹಾರುವುದನ್ನು ನೋಡಿದಳು. ಬಯಲಿನ ಏಳು ದೋಣಿ ನಡುಗಿದವು, ಒಂದೂ ಏಳಲಿಲ್ಲ. ಆಮೇಲೆ ಲಟಕ್ಕೆಂದು ಸದ್ದಾಯಿತು. ಬೇವಿನ ದೊಡ್ಡ ಕೊಂಬೆ ಮುರಿದು, ಅಪ್ಪನ ದೋಣಿ ಇದ್ದ ಜಾಗಕ್ಕೇ ಬಿತ್ತು. ದೋಣಿಯ ಕೆಳಗೆ ಆಸರೆಗೆ ಇಟ್ಟಿದ್ದ ಮರದ ದಿಮ್ಮಿಗಳು ಎರಡು ತುಂಡಾದವು.

'ದೋಣಿ ಇಲ್ಲೇ ಇದ್ದಿದ್ದರೆ...' ಪ್ರಣಿತಾ ಬಾಯಿಗೆ ಕೈ ಒತ್ತಿಕೊಂಡಳು. ಯಾರಿಗೆ ಬಯ್ಯಬೇಕು, ಯಾರಿಗೆ ಕೈ ಮುಗಿಯಬೇಕು ಒಂದೂ ತಿಳಿಯಲಿಲ್ಲ.

ನಾಲ್ಕೂವರೆಗೆ ಮಳೆ ನಿಂತಿತು. ಕೆಸರು ತುಳಿಯುತ್ತ ಸಮ್ಯಕ ನಡೆದು ಬಂದ.

"ನಮ್ಮಪ್ಪನ ದೋಣಿ ಎಲ್ಲಿ ಅದ?"

"ನೀರಾಗ."

"ಏನಂದ್ರಿ?"

"ನೀರಾಗ ಅದ. ನಾನ ಮುಳುಗಿಸೀನಿ."

ಅವಳ ಕಣ್ಣು ತುಂಬಿತು. ಅವನು ಕಾಯಲಿಲ್ಲ. ಚಪ್ಪಲಿ ಬಿಟ್ಟು ಸೀದಾ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ ಒಂದು ಹಳದಿ ಡಬ್ಬಿ ತೇಲುತ್ತಿತ್ತು. ಯಾರೋ ಬಲೆಯ ಗುರುತಿಗೆ ಕಟ್ಟಿದ್ದಾರೆಂದು ಅವಳು ನೋಡಿಯೂ ಬಿಟ್ಟಿದ್ದ ಡಬ್ಬಿ. ಅಲ್ಲಿ ಮುಳುಗಿದ. ಎದ್ದಾಗ ಕೈಯಲ್ಲಿ ಸುಣ್ಣ ಬಳಿದ ಕಲ್ಲಿತ್ತು.

ಪ್ರಣಿತಾ ಸೆರಗು ಬಿಗಿದು ತಾನೂ ಇಳಿದಳು.

ಕಲ್ಲನ್ನು ಅವಳ ಕೈಗಿಟ್ಟ. "ಬೆರಳು ಆಡಿಸಿ ನೋಡ್ರಿ. ನಡುವಿಗೆ ತಗ್ಗು ಅದಲ್ಲ, ಅದು ಹಗ್ಗ ತಿಂದಿದ್ದು. ನಿಮ್ಮಪ್ಪ ಎಷ್ಟು ಸಲ ಕಟ್ಯಾರೋ. ಗಾಳಿ ಬರೂಮುಂದ ಈ ಕಲ್ಲು ಹೇರಿ ದೋಣಿ ಮುಳುಗಸ್ತಿದ್ರು. ನೀರಿನ ಕೆಳಗ ಯಾವ ಗಾಳಿ ಹೋಗ್ತದ್ರಿ? ಕಾರಂಜಾ ಡ್ಯಾಮಿನ ದಂಡಿಗೆ ಮೀನುಗಾರರ ಕೂಡ ನಾಕು ವರ್ಷ ಕೆಲಸ ಮಾಡೀನಿ. ನೋಡಿದ ಕೂಡಲೆ ಗುರುತು ಹತ್ತಿತು."

"ನನಗ ಹೇಳಬೇಕಿತ್ತು."

"ಮುಟ್ಟಬ್ಯಾಡ್ರಿ ಅಂದಿದ್ರಲ್ಲ, ನಾನೂ ಮುಟ್ಟಬಾರದು ಅಂತ ಇದ್ದೆ. ಮುಂಜಾನೆ ನೀವು ಹೋದಮ್ಯಾಲ ಬೇವಿನ ಕೊಂಬಿ ಸೀಳಿದ್ದು ಕಂಡೆ. ಮೂರು ಸಲ ಫೋನ್ ಮಾಡಿದೆ. ಎರಡು ಸಲ ಕಟ್ ಮಾಡಿದ್ರಿ, ಮೂರನೇ ಸಲ ಎತ್ತಲೇ ಇಲ್ಲ. ಬಾಜೂ ಹೊಲದ ಅಜೀತಣ್ಣ, ಆಮ್ಯಾಲ ನನ್ನ ಮೇವು ಕೊಟ್ಟಿಗಿಗೆ ಮುಟ್ಟಸ್ತಿ ಅಂದ್ರ ಟ್ರ್ಯಾಕ್ಟರ್ ಕೊಡ್ತೀನಿ ಅಂದ. ಹೂಂ ಅಂದೆ. ದೋಣಿ ಎಳದೆ. ಕಲ್ಲು ಹೇರೂಮುಂದ ಕಿಸೆದಾಗಿನ ಫೋನೂ ನೀರಿಗೆ ಹೋತು. ಟ್ರಾಲಿಗೆ ತಾಡಪತ್ರಿ ಮುಚ್ಚಿ ಮೇವು ಒಯ್ದು ಹಾಕಿದೆ, ಅಲ್ಲೇ ಗಾಳಿಗೆ ಸಿಕ್ಕೊಂಡೆ."

ಅವಳು ಕಲ್ಲಿನ ಆ ತಗ್ಗನ್ನು ಸವರಿದಳು. ಮೂರು ವರ್ಷ ಸುಣ್ಣ ಬಳಿದಿದ್ದಳು, ಒಂದು ಸಲವೂ ಕಂಡಿರಲಿಲ್ಲ. ಅಪ್ಪನ ಕೈಯ ಕೆಲಸ ಅಲ್ಲಿಯೇ ಇತ್ತು. ತಡೆಯಲಾಗದೆ ಅತ್ತುಬಿಟ್ಟಳು.

ಐದೂ ಕಲ್ಲು ದಂಡೆಗೆ ಬಂದವು. ಇಬ್ಬರೂ ಅಂಚು ಹಿಡಿದು ಎತ್ತಿ, ಬಕೆಟ್ಟಿನಿಂದ ನೀರು ಚೆಲ್ಲಿದರು. ಮೂರು ಬೇಸಿಗೆಗೆ ಒಣಗಿ ಬಾಯಿಬಿಟ್ಟಿದ್ದ ಹಲಗೆಗಳು ನೀರು ಕುಡಿದು ಕೂಡಿಕೊಳ್ಳತೊಡಗಿದ್ದವು. ಅಪ್ಪನ ದೋಣಿ ಮೆಲ್ಲಗೆ ತೇಲಿತು.

"ನಾನು ಹುಮನಾಬಾದಿಗೆ ಹೋಗಿದ್ದೆ," ಎಂದಳು ಪ್ರಣಿತಾ.

"ಗೊತ್ತದ. ಬಸ್ ಹತ್ತಿದ್ದು ಅಜರ್ ಭಾಯಿ ಹೇಳ್ಯಾನ. ಹಾಯಿ ಎಲ್ಲ ಸರಿ ಇದ್ವಿಲ್ಲ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಇರ್ಲಿ ಬಿಡ್ರಿ. ಗಾಳಿ ಬಂದು ಹೋತು, ನನ್ನ ಕೆಲಸ ಮುಗೀತು. ನಾಳೆ ಊರಿಗೆ ಹೊಂಟೀನಿ."

ಹೊರಟವನ ತೋಳನ್ನು ಅವಳು ಹಿಡಿದಳು. ಒದ್ದೆ ಟವೆಲ್ಲಿನ ತುಂಡು ಇನ್ನೂ ಅಂಗೈಯಲ್ಲೇ ಇತ್ತು.

"ಮೊದಲ ದಿನ ಕಳ್ಳ ಅಂತನ ಅನ್ಕೊಂಡಿದ್ದೆ. ನಿನ್ನೆ ಇದು ಕಟ್ಟಿದ್ರಲ್ಲ, ಆವಾಗಿಂದ ನೀವು ಕಳ್ಳ ಆಗಿರಬಾರದು ಅಂತ ಬೇಡ್ಕೊಳ್ಳಾಕತ್ತಿದ್ದೆ. ಅಲ್ಲಿಗೆ ಹೋಗಿದ್ದು ನಿಮ್ಮನ್ನ ಹಿಡಿಯಾಕ ಅಲ್ರಿ. ಅಲ್ಲ ಅನ್ನೂದು ಕಣ್ಣಾರೆ ನೋಡಾಕ. ನೀವು ಕಳ್ಳ ಆಗಿದ್ರ ನನಗ ಬದುಕಾಕ ಆಗ್ತಿರಲಿಲ್ಲ."

ಸಮ್ಯಕ ಅವಳ ಕಡೆ ತಿರುಗಿದ.

"ಚಾಕು ಕೆಳಗ ಇಡ್ರಿ ಅಂದ ದಿನಾನೇ ನೀವಂದ್ರ ನನಗ ಜೀವ ಆಗ್ಯಾದ. ಹೇಳಿದ್ರ ಅದಕ್ಕೂ ಅನುಮಾನ ಪಡ್ತೀರಿ ಅಂತ ಸುಮ್ನಿದ್ದೆ."

"ಪಡ್ತಿದ್ದೆ," ಎಂದು ಒಪ್ಪಿಕೊಂಡಳು. ಅಳುವಿನ ನಡುವೆಯೇ ನಗು ಬಂತು.

ಅವನು ಬಗ್ಗಿ ಒಂದು ಕಲ್ಲು ಎತ್ತಿದ. "ಇವನ್ನ ಮತ್ತ ಸುಣ್ಣ ಹಚ್ಚಿ ಸಾಲಾಗಿ ಇಡೋಣೇನು?"

"ಬ್ಯಾಡ. ದೋಣಿಯಾಗ ಇರ್ಲಿ. ಮುಂದಿನ ಗಾಳಿಗೆ ಬೇಕಾಗ್ತಾವ. ನನ್ನ ಒಬ್ಬಾಕಿ ಕೈಲೆ ಎತ್ತಾಕ ಆಗೂದಿಲ್ಲ."

"ಹಂಗಂದ್ರ?"

"ಹಂಗಂದ್ರ ಇಲ್ಲೇ ಇರ್ರಿ. ನನ್ನ ಕೂಡ."

ಕಲ್ಲನ್ನು ದೋಣಿಯೊಳಗಿಟ್ಟು ಅವನು ಅವಳ ಕೈ ಹಿಡಿದ.

"ಇನ್ನ ಮ್ಯಾಲ ಫೋನ್ ಮಾಡಿದ್ರ ಎತ್ತತೀರಿಲ್ಲ?"

"ಮೊದಲನೇ ಸಲಕ್ಕ ಎತ್ತತೀನಿ. ಆದ್ರ ಮೊದ್ಲ ನೀವೊಂದು ಫೋನ್ ತಗೊಳ್ರಿ."