ಮೀನ್ಗೊಳದ ಕಪ್ಪು ಕಲ್ಲುಗಳು

ಮೋಡಗಳು ಬೆಟ್ಟದಿಂದ ಇಳಿದು ಬಂದು ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಮೀನ್ಗೊಳವೆಂಬ ರಾಜ್ಯವಿತ್ತು. ತೊಂಡರಸ ಅದರ ರಾಜ, ಲಕುಮಾದೇವಿ ರಾಣಿ, ಪದುಮಲೆ ಅವರ ಒಬ್ಬಳೇ ಮಗಳು.

ಅರಮನೆಯ ನಡುವಂಗಳದಲ್ಲಿ ಒಂದು ಗಾಜಿನ ಕೊಳ. ಆನೆ ಮುಳುಗುವಷ್ಟು ಆಳ, ಸುತ್ತಲೂ ಗಾಜಿನ ಗೋಡೆ. ರಾಜ್ಯದಲ್ಲಿ ಒಂದು ಮಗು ಹುಟ್ಟಿದರೆ ಆ ಕೊಳದಲ್ಲಿ ಒಂದು ಮೀನು ಹುಟ್ಟುತ್ತಿತ್ತು. ಮಗು ಬೆಳೆದಂತೆ ಮೀನೂ ಬೆಳೆಯುತ್ತಿತ್ತು. ಮನುಷ್ಯ ಮುದಿಯಾಗಿ ಕಣ್ಣು ಮುಚ್ಚಿದ ದಿನ ಮೀನೂ ಕಣ್ಣು ಮುಚ್ಚುತ್ತಿತ್ತು. ಕುಂಬಾರನ ಮೀನಿಗೆ ಮಣ್ಣಿನ ಬಣ್ಣ, ರಾಣಿಯ ಮೀನಿಗೆ ಮಲ್ಲಿಗೆಯ ಬಿಳುಪು. ಪದುಮಲೆಯದು ಅರಿಸಿನ ಬಣ್ಣದ ಪುಟ್ಟ ಮೀನು. ಅದು ಸದಾ ಮೇಲಿನಿಂದ ನೀರು ಬೀಳುವ ಮೂಲೆಯಲ್ಲೇ ಆಡುತ್ತಿತ್ತು.

ನೀರು ಮೇಲಿನಿಂದ ಬೀಳುತ್ತಿದ್ದುದು ಹೀಗೆ: ಒಂದು ಹಳೆಯ ಮರದ ರಾಟೆ ಕೊಳದ ನೀರನ್ನು ಎತ್ತಿ ಕಲ್ಲಿನ ಪುಟ್ಟ ದೋಣಿಯೊಂದಕ್ಕೆ ಸುರಿಯುತ್ತಿತ್ತು. ದೋಣಿಯ ತುಂಬ ಕಪ್ಪು ಕಲ್ಲುಗಳು. ನೀರು ಆ ಕಲ್ಲುಗಳ ಸಂದಿಯಲ್ಲಿ ಜಿನುಗಿ ಮತ್ತೆ ಕೊಳಕ್ಕೆ ಬೀಳುತ್ತಿತ್ತು. ರಾಟೆ ಹಗಲೂ ಇರುಳೂ ಕಿರುಗುಟ್ಟುತ್ತಿತ್ತು. ಕಲ್ಲುಗಳು ಲೋಳೆ ಕಟ್ಟಿ, ಕೈಯಿಟ್ಟರೆ ಜಾರುತ್ತಿದ್ದವು, ಕೆಸರಿನ ವಾಸನೆ ಬೀರುತ್ತಿದ್ದವು.

ಒಂದು ದಿನ ಕಂಚುಗಣ್ಣನೆಂಬ ಮಾಂತ್ರಿಕ ಅರಮನೆಗೆ ಬಂದ. ಅವನ ಎರಡು ಕಣ್ಣೂ ಕಂಚಿನವು. ಅವನ ಹಿಂದೆ ಕಂಚಿನ ಹುಲಿಯೊಂದು ಕಂಚಿನದೇ ಹೊಸ ರಾಟೆಯನ್ನು ಬೆನ್ನ ಮೇಲೆ ಹೊತ್ತು ತಂದಿತ್ತು.

"ಮಹಾರಾಜ, ಇಂಥ ಅರಮನೆಯಲ್ಲಿ ಈ ಕೊಳಕು ದೋಣಿಯೇ? ನನ್ನ ರಾಟೆ ಸದ್ದು ಮಾಡುವುದಿಲ್ಲ. ನೀರನ್ನು ಗಾಜಿನ ಹಾಗೆ ತಿಳಿಯಾಗಿಡುತ್ತದೆ. ಕಾಣಿಕೆಯೆಂದು ಇಟ್ಟುಕೊಳ್ಳಿ. ಈ ಹಾಳು ಕಲ್ಲುಗಳನ್ನು ನಾನೇ ಹೊತ್ತುಕೊಂಡು ಹೋಗಿ ಎಲ್ಲಾದರೂ ಎಸೆಯುತ್ತೇನೆ" ಎಂದ ಅವನು.

ರಾಜನಿಗೆ ಸಂತೋಷವಾಯಿತು. ಪದುಮಲೆಗೂ ಆಯಿತು. ಹೊಸ ರಾಟೆ ಸದ್ದಿಲ್ಲದೆ ತಿರುಗಿತು, ನೀರು ಫಳಫಳ ಹೊಳೆಯಿತು. ಊರವರೆಲ್ಲ ಬಂದು ತಮ್ಮ ತಮ್ಮ ಮೀನು ನೋಡಿ, ಎಷ್ಟು ಚೆಂದ ಕಾಣುತ್ತದೆ ಎಂದು ಹೇಳಿ ಹೋದರು.

ಕೆಲವು ದಿನ ಕಳೆಯಿತು. ಒಂದು ಬೆಳಗ್ಗೆ ಪದುಮಲೆಗೆ ಎದೆಯ ಮೇಲೆ ಯಾರೋ ಕೂತಂತಾಗಿ ಎಚ್ಚರವಾಯಿತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ತಾಯಿಯನ್ನು ಕರೆಯಲು ಹೋದರೆ ರಾಣಿ ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು, ತುಟಿ ನೇರಳೆಯಾಗಿತ್ತು. ಪದುಮಲೆ ಅಂಗಳಕ್ಕೆ ಓಡಿದಳು.

ನೀರು ಅಷ್ಟೇ ತಿಳಿಯಾಗಿತ್ತು. ಆದರೆ ಕೊಳದ ಮೀನುಗಳೆಲ್ಲ ಮೇಲಕ್ಕೆ ಬಂದು, ನೀರಿನಾಚೆ ಬಾಯಿ ಚಾಚಿ, ಗಾಳಿಯನ್ನು ಗುಟುಕರಿಸುತ್ತಿದ್ದವು. ಕಿವಿರುಗಳು ನೆತ್ತರಿನಷ್ಟು ಕೆಂಪು. ರೆಕ್ಕೆಗಳು ಮೈಗೆ ಮುದುಡಿಕೊಂಡಿದ್ದವು. ಮಲ್ಲಿಗೆ ಬಿಳುಪಿನ ಮೀನು ಒಂದು ಮಗ್ಗುಲಿಗೆ ವಾಲಿತ್ತು. ಬೀದಿಯಿಂದ ಕೆಮ್ಮಿನ ಸದ್ದು, ಅಳುವ ಸದ್ದು ಒಟ್ಟೊಟ್ಟಿಗೆ ಕೇಳಿ ಬರುತ್ತಿತ್ತು.

ರಾಜವೈದ್ಯ ಗೋಡೆ ಹಿಡಿದುಕೊಂಡು ಬಂದ. ಅರಿಸಿನವನ್ನೂ ಬೇವಿನ ರಸವನ್ನೂ ನೀರಿಗೆ ಬಿಟ್ಟ. ಮೀನುಗಳು ಇನ್ನಷ್ಟು ಒದ್ದಾಡಿದವು. "ಇದು ಮೈಗೆ ತಗುಲಿದ ರೋಗವಲ್ಲ. ಇದು ನೀರಿನಲ್ಲೇ ಇದೆ" ಎಂದು ಅವನು ಕುಸಿದು ಕೂತ.

ರಾಜ ಆ ಔಷಧದ ನೀರನ್ನು ತೆಗೆಸಿ ಬಾವಿಯ ನೀರು ತುಂಬಿಸಿದ. ಎಲ್ಲರ ಎದೆಯೂ ಸ್ವಲ್ಪ ಹಗುರಾಯಿತು. ಬಿಸಿಲೇರುವಷ್ಟರಲ್ಲಿ ಮತ್ತೆ ಅದೇ ಪಾಡು.

"ಅಪ್ಪಾ, ಹೊಸ ನೀರು ಹಾಕಿದರೆ ಹಗುರಾಗುತ್ತದೆ, ಆಮೇಲೆ ಮತ್ತೆ ಕೆಡುತ್ತದೆ. ಅಂದರೆ ನೀರಿನಲ್ಲಿ ಏನೋ ಸೇರಿಕೊಳ್ಳುತ್ತಾ ಇದೆ. ರಾಟೆ ಬದಲಾದ ಮೇಲೇ ಅಲ್ಲವೇ ಇದೆಲ್ಲ ಶುರುವಾದದ್ದು?" ಎಂದಳು ಪದುಮಲೆ.

ರಾಜ ಕಂಚಿನ ರಾಟೆಯನ್ನು ಕಿತ್ತು ಹಾಕಿಸಿ ಹಳೆಯ ಮರದ ರಾಟೆಯನ್ನೇ ಕೂರಿಸಿದ. ಮೀನುಗಳು ಹಾಗೇ ಇದ್ದವು. ದೋಣಿ ಬರಿದಾಗಿದೆಯೆಂದು ಹೊಳೆಯಿಂದ ಒಳ್ಳೆಯ ಕಲ್ಲುಗಳನ್ನು ತರಿಸಿ ತುಂಬಿಸಿದ. ಮೀನುಗಳು ಹಾಗೇ ಇದ್ದವು. ಮದ್ದು ಹಾಕಿದ್ದಾಯಿತು, ರಾಟೆ ಬದಲಿಸಿದ್ದಾಯಿತು, ಕಲ್ಲು ತುಂಬಿದ್ದಾಯಿತು. ರಾಜ ಮಗಳ ಮುಖ ನೋಡಿದ. ತನ್ನ ತಂದೆಯ ಕಣ್ಣಿನಲ್ಲಿ ಭಯವನ್ನು ಪದುಮಲೆ ಅದುವರೆಗೆ ಕಂಡಿರಲಿಲ್ಲ.

ದೋಣಿಯ ಬುಡದಲ್ಲಿ ಒಂದು ಮುದಿ ಆಮೆಯಿತ್ತು. ರಾಜನ ಮುತ್ತಜ್ಜನ ಕಾಲದಿಂದ ಅದು ಯಾರೊಡನೆಯೂ ಮಾತಾಡಿರಲಿಲ್ಲ. ಪದುಮಲೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಮೆಯಜ್ಜಾ, ನೀನು ಈ ನೀರಿನಲ್ಲೇ ಬಾಳಿದವನು. ನಮಗೆ ಏನಾಗಿದೆ?"

ಆಮೆ ಕತ್ತು ಹೊರಗೆ ಚಾಚಿತು. "ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಲಿಲ್ಲ ಮಗಳೇ. ಮೀನು ತಿನ್ನುತ್ತದೆ, ಮೀನು ಹೇಲುತ್ತದೆ. ಆ ಹೊಲಸು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದ ವಿಷವಾಗುತ್ತದೆ. ಕಪ್ಪು ಕಲ್ಲಿನ ಮೇಲೆ ಅಂಟಿದ್ದ ಲೋಳೆಯನ್ನು ನೀವು ಕೊಳೆ ಅಂದುಕೊಂಡಿರಿ. ಅದೊಂದು ಊರು. ಕಣ್ಣಿಗೆ ಕಾಣದ ಸಣ್ಣ ಮಂದಿ ಕೋಟಿಗಟ್ಟಲೆ ಅಲ್ಲಿ ವಾಸವಿದ್ದರು. ಆ ವಿಷವೇ ಅವರ ಊಟ. ಅವರು ಉಣ್ಣುತ್ತಿದ್ದರು, ನೀವು ಉಸಿರಾಡುತ್ತಿದ್ದಿರಿ. ಹೊಳೆಯ ಕಲ್ಲಿನ ಮೇಲೆ ಆ ಊರು ಕಟ್ಟಿಕೊಳ್ಳಲು ಬಹಳ ಕಾಲ ಬೇಕು. ಅಷ್ಟು ಕಾಲ ನಿಮಗಿಲ್ಲ."

ಪದುಮಲೆ ತನ್ನ ಕೈಗಳನ್ನು ನೋಡಿಕೊಂಡಳು. ಮೂಗು ಮುಚ್ಚಿಕೊಂಡು ತಾನೇ ಆ ಕಲ್ಲುಗಳನ್ನು ಮಾಂತ್ರಿಕನ ಗೋಣಿಗೆ ತುಂಬಿಸಿದ್ದಳು.

"ಕಲ್ಲುಗಳನ್ನು ತಿರುಗಿ ತರುತ್ತೇನೆ" ಎಂದಳು.

"ತರುವುದಾದರೆ ಕೇಳು. ಅವನ್ನು ಒಣಗಲು ಬಿಡಬೇಡ. ನಿಂತ ನೀರಿನಲ್ಲಿ ಇಡಬೇಡ, ನೀರು ಅಲುಗುತ್ತಿರಬೇಕು. ಏನೇ ಆದರೂ ತೊಳೆಯಬೇಡ."

ರಾಜ ಎದ್ದು ನಿಂತ. "ನೀನು ಹೋಗಿ ಬಾ ಮಗಳೇ. ಮೀನಿಗೆ ಮೇವು ಹಾಕುವುದನ್ನು ನಿಲ್ಲಿಸುತ್ತೇನೆ. ಸ್ವಲ್ಪ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕುತ್ತಿರುತ್ತೇನೆ. ನನ್ನ ಕೈಯಲ್ಲಿ ಕೊಡ ಎತ್ತಲು ಆಗುವವರೆಗೆ ನಿನ್ನ ತಾಯಿ ಬದುಕಿರುತ್ತಾಳೆ" ಎಂದ.

ಕಂಚುಗಣ್ಣನ ಗುಡ್ಡ ಮೂರು ಕಣಿವೆಗಳಾಚೆ ಇತ್ತು. ಪದುಮಲೆ ನಾಲ್ಕು ಹೆಜ್ಜೆ ನಡೆದು ನಿಂತು, ಮತ್ತೆ ನಾಲ್ಕು ಹೆಜ್ಜೆ ನಡೆದು ಹೋದಳು. ಊರಿನಲ್ಲಿ ಉಳಿದವರಿಗೆ ಅಷ್ಟೂ ಆಗುತ್ತಿರಲಿಲ್ಲ. ಅವಳ ಮೀನು ನೀರು ಬೀಳುವ ಮೂಲೆಯಲ್ಲಿದ್ದುದರಿಂದ ಅವಳಿಗೆ ಒಂದು ಗುಟುಕು ಗಾಳಿ ಹೆಚ್ಚು ಸಿಗುತ್ತಿತ್ತು.

ಗುಡ್ಡದ ಗವಿಗೆ ಬಾಗಿಲಿರಲಿಲ್ಲ. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಕಂಚಿನ ಹುಲಿಯನ್ನೇ ನಡೆಸುವ ಮಾಂತ್ರಿಕ ನೆಲದ ಮೇಲೆ ಕೂತು, ಒಂದು ಅಗಲ ಬಾಯಿಯ ಕೊಡದೊಳಗೆ ಬೆರಳಾಡಿಸುತ್ತ ಜೋಗುಳ ಹಾಡುತ್ತಿದ್ದ. ಕೊಡದಲ್ಲಿ ಒಂದು ಬೂದು ಮೀನಿತ್ತು. ಅದರ ಕೆಳಗೆ ಆ ಕಪ್ಪು ಕಲ್ಲುಗಳಿದ್ದವು.

"ನೀವೂ ನಮ್ಮ ಊರಿನವರೇ" ಎಂದಳು ಪದುಮಲೆ.

ಕಂಚುಗಣ್ಣ ತಲೆಯೆತ್ತಿದ. "ಹೌದು. ನಾನು ಹುಡುಗನಾಗಿದ್ದಾಗ ನನ್ನ ಮೀನನ್ನು ಕೊಳದಿಂದ ಕದ್ದು ತಂದೆ. ಕೊಳದಲ್ಲಿದ್ದರೆ ಅದು ಮುದಿಯಾಗುತ್ತದೆ, ಸಾಯುತ್ತದೆ. ಹೊರಗಿದ್ದರೆ ನನಗೆ ಮುಪ್ಪಿಲ್ಲ, ಊಟವೂ ಬೇಡ. ಆದರೆ ಕೊಡದ ನೀರು ದಿನವೂ ವಿಷವಾಗುತ್ತಿತ್ತು. ನೂರಾರು ವರ್ಷ ದಿನವೂ ಉಸಿರು ಕಟ್ಟಿಸಿಕೊಂಡು ಬದುಕಿದ್ದೇನೆ. ಈ ಕಲ್ಲು ಬಂದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ."

"ಒಂದು ಬೊಗಸೆ ಕಲ್ಲು ಕೇಳಿದ್ದರೆ ನಮ್ಮಪ್ಪ ಕೊಡುತ್ತಿದ್ದರು. ಈಗಲಾದರೂ ಅರ್ಧ ಕೊಡಿ. ನನ್ನ ತಾಯಿ ಸಾಯುತ್ತಿದ್ದಾಳೆ."

"ಒಂದನ್ನೂ ಕೊಡುವುದಿಲ್ಲ" ಎಂದು ಅವನು ಮಂತ್ರಕ್ಕೆ ಕೈಯೆತ್ತಿದ.

ಪದುಮಲೆ ಯೋಚಿಸಲಿಲ್ಲ. ಮೀನು, ಕಲ್ಲು, ನೀರು ಎಲ್ಲ ಸೇರಿದ ಹಾಗೇ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು. ಮಾಂತ್ರಿಕನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಬಿದ್ದರೆ ಕೊಡ ಒಡೆಯುತ್ತದೆ, ಕೊಡ ಒಡೆದರೆ ಅವನೂ ಇಲ್ಲ.

ಮೊದಲನೆಯ ಕಣಿವೆಯಲ್ಲಿ ಕಂಚಿನ ಹುಲಿ ಅಡ್ಡ ಬಂತು. ಬಾಯಿ ತೆರೆದು ಬೆಂಕಿ ಉಗುಳಿತು. ಪದುಮಲೆಯ ಸೆರಗು ಕರಕಲಾಯಿತು, ಕೊಡದ ನೀರು ಬೆಚ್ಚಗಾಗಿ ಹಬೆಯೆದ್ದಿತು, ಮೇಲಿನ ಕಲ್ಲುಗಳು ಒಣಗತೊಡಗಿದವು. ಅವಳು ಓಡಲಿಲ್ಲ. ಕೊಡವನ್ನು ಎರಡು ಕೈಯಲ್ಲಿ ಎತ್ತಿ ಹುಲಿಯ ಮುಖದ ಮುಂದೆಯೇ ಹಿಡಿದಳು. ಹಿಂದಿನ ಗುಡ್ಡದಿಂದ ಮಾಂತ್ರಿಕನ ಚೀತ್ಕಾರ ಕೇಳಿಸಿತು. "ಬೇಡ, ನಿಲ್ಲಿಸು, ನನ್ನ ಮೈ ಬೇಯುತ್ತಿದೆ." ಹುಲಿ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಿತು. ಅವಳು ತೊರೆಯ ನೀರು ಮೊಗೆದು ಕಲ್ಲು ಮುಳುಗುವಷ್ಟು ಹಾಕಿದಳು.

ಎರಡನೆಯ ಕಣಿವೆಯಲ್ಲಿ ನಿದ್ದೆಯ ಮಂಜು ಇಳಿಯಿತು. ಪದುಮಲೆ ಕೊಡ ಕೆಳಗಿಟ್ಟು ಅದಕ್ಕೊರಗಿ ಮಲಗಿಬಿಟ್ಟಳು. ಕೊಡದ ನೀರು ಅಲುಗದೆ ನಿಂತಿತು. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಸರಿಯಿತು. ಬೂದು ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿತು. ಕೊಡವನ್ನು ಕದಿಯಲು ಬರುತ್ತಿದ್ದ ಮಾಂತ್ರಿಕ ದಾರಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಬೇರೆ ದಾರಿ ಕಾಣದೆ ಅವನೇ ಮಂತ್ರ ಬಿಡಿಸಿ, "ಏಳು ಹುಡುಗಿ, ನೀರು ಕಲಕು" ಎಂದು ಕಣಿವೆ ಮೊಳಗುವಂತೆ ಕೂಗಿದ. ಪದುಮಲೆ ಬೆಚ್ಚಿಬಿದ್ದು ಎದ್ದಳು. ಕೈಯಲ್ಲಿ ನೀರು ಕಲಕುತ್ತ, ಶತ್ರುವೇ ತನ್ನನ್ನು ಎಬ್ಬಿಸಿದ್ದನ್ನು ನಂಬಲಾಗದೆ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತ ನಡೆದಳು.

ಮೂರನೆಯ ಕಣಿವೆಯಲ್ಲಿ ಹಾಲಿನಂಥ ನೀರಿನ ಬುಗ್ಗೆಯಿತ್ತು. ಅದರ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು.

"ಎಷ್ಟು ದೂರದಿಂದ ಹೊತ್ತು ತಂದಿದ್ದೀಯೋ ಏನೋ, ಸೋತುಹೋಗಿದ್ದೀ ಮಗಾ. ಕೊಡ ಇಲ್ಲಿ ಇಳಿಸು, ನಾನು ನೋಡಿಕೊಳ್ಳುತ್ತೇನೆ. ಆ ಕಲ್ಲುಗಳೋ, ಏನು ನಾತ. ಅರಮನೆಗೆ ಹೀಗೇ ಒಯ್ಯುತ್ತೀಯಾ? ಬುಗ್ಗೆಯಲ್ಲಿ ತಿಕ್ಕಿ ತೊಳೆದುಕೊಂಡು ಬಾ."

ಪದುಮಲೆಯ ತಲೆ ಸುತ್ತುತ್ತಿತ್ತು. ಕೈಯೆಲ್ಲ ಲೋಳೆ. ಆಮೆಯ ಮಾತು ಎಲ್ಲೋ ದೂರದಲ್ಲಿತ್ತು. ಅವಳು ಕೊಡ ಇಳಿಸಿ, ಒಂದು ಕಲ್ಲು ತೆಗೆದುಕೊಂಡು ಬುಗ್ಗೆಗೆ ಹೋಗಿ ಹೆಬ್ಬೆರಳಿನಲ್ಲಿ ಉಜ್ಜಿದಳು. ಕಪ್ಪು ಹೋಗಿ ಬಿಳಿಯ ಗೆರೆಯೊಂದು ಮೂಡಿತು. ತೊಳೆಯಬೇಡ ಎಂದಿತ್ತಲ್ಲವೇ ಆಮೆ? ಅವಳು ತಟ್ಟನೆ ತಿರುಗಿದಳು. ಅಜ್ಜಿ ಅವಳನ್ನು ನೋಡುತ್ತಿರಲಿಲ್ಲ, ಕೊಡದೊಳಕ್ಕೆ ಬಗ್ಗಿದ್ದಳು. ಮೀನಿನ ಕಿವಿರು ತೆರೆದಾಗ ಅಜ್ಜಿಯ ಎದೆ ಏರುತ್ತಿತ್ತು, ಮುಚ್ಚಿದಾಗ ಇಳಿಯುತ್ತಿತ್ತು. ಪದುಮಲೆ ಒಂದೇ ನೆಗೆತಕ್ಕೆ ಬಂದು ಕೊಡವನ್ನು ತಬ್ಬಿಕೊಂಡಳು.

ಅಜ್ಜಿಯ ವೇಷ ಕಳಚಿಬಿತ್ತು. ಕಂಚುಗಣ್ಣ ಮಂಡಿಯೂರಿದ್ದ. ಕಂಚಿನ ಕಣ್ಣುಗಳಿಂದ ನೀರು ಹರಿಯುತ್ತಿತ್ತು.

"ಕಲ್ಲೆಲ್ಲ ಒಯ್ಯಿ. ನನ್ನ ಮೀನನ್ನು ಕೊಟ್ಟುಬಿಡು. ಕೊಳಕ್ಕೆ ಬಿಟ್ಟರೆ ನಾನು ಸಾಯುತ್ತೇನೆ."

ಅವನು ಅಳುವುದನ್ನು ಕಂಡು ಪದುಮಲೆಗೆ ಹುಲಿಯನ್ನು ಕಂಡಾಗಿನದಕ್ಕಿಂತ ಹೆಚ್ಚು ದಿಗಿಲಾಯಿತು. ಆದರೂ ಕೊಡ ಬಿಡದೆ ಕೇಳಿದಳು. "ಕಲ್ಲಿಲ್ಲದೆ ಆ ಮೀನನ್ನು ಏನು ಮಾಡುತ್ತೀರಿ? ಮತ್ತೆ ದಿನವೂ ಉಸಿರು ಕಟ್ಟಿಸಿಕೊಂಡು ಆ ಗವಿಯಲ್ಲಿ ಒಬ್ಬರೇ ಕೂತಿರುತ್ತೀರಾ?"

ಅವನು ಕೊಡದತ್ತ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡ.

"ಕೊಳದಲ್ಲಿ ಸಾಯುವುದು ನಿಜ. ಆದರೆ ಇವತ್ತೇ ಅಲ್ಲ. ನಾವೆಲ್ಲ ಹಾಗೇ ಇದ್ದೇವೆ. ಬನ್ನಿ, ಕೊಡ ಭಾರವಾಗಿದೆ, ಒಂದು ಕಡೆ ನೀವು ಹಿಡಿಯಿರಿ."

ಮಾಂತ್ರಿಕ ಬಹಳ ಹೊತ್ತು ಕೊಡವನ್ನೇ ನೋಡಿದ. ಆಮೇಲೆ ಎದ್ದು ಬಂದು ಒಂದು ಕಡೆ ಹಿಡಿದ.

ಅವರು ಅರಮನೆ ಸೇರಿದಾಗ ರಾಜ ತೆವಳುತ್ತ ಚೊಂಬಿನಲ್ಲಿ ನೀರು ಹಾಕುತ್ತಿದ್ದ. ಕೊಡ ಎತ್ತುವ ಶಕ್ತಿ ಅವನಿಗೆ ಉಳಿದಿರಲಿಲ್ಲ. ಮಲ್ಲಿಗೆ ಬಿಳುಪಿನ ಮೀನು ತಳದಲ್ಲಿ ಬಿದ್ದಿತ್ತು. ಪದುಮಲೆ ಹೊಳೆಯ ಕಲ್ಲುಗಳನ್ನು ತೆಗೆದುಹಾಕಿ, ಕಪ್ಪು ಕಲ್ಲುಗಳನ್ನು ತೊಳೆಯದೆ, ಒರೆಸದೆ, ಲೋಳೆಯ ಸಮೇತ ದೋಣಿಗೆ ತುಂಬಿದಳು. ರಾಟೆ ಕಿರುಗುಟ್ಟಿತು. ಬೂದು ಮೀನನ್ನು ಕೊಳಕ್ಕೆ ಬಿಟ್ಟ ಕ್ಷಣವೇ ದೂರದ ಗುಡ್ಡದ ಹುಲಿ ಕರಗಿ ಕಂಚಿನ ರಸವಾಗಿ ನೆಲಕ್ಕಿಳಿಯಿತು. ಮಾಂತ್ರಿಕನ ಮಂತ್ರಗಳೆಲ್ಲ ಅವನ ನಾಲಗೆಯಿಂದ ಅಳಿಸಿಹೋದವು. ಕಂಚಿನ ಕಣ್ಣುಗಳ ಜಾಗದಲ್ಲಿ ಮುದುಕನೊಬ್ಬನ ಮಂಜಾದ ಕಣ್ಣುಗಳು ಬಂದವು.

ಆದರೆ ಕೊಳದ ಮೀನುಗಳಿಗೆ ಏನೂ ಆಗಲಿಲ್ಲ. ಅವು ಹಾಗೇ ಬಾಯಿ ಬಿಡುತ್ತಿದ್ದವು. ಪದುಮಲೆ ಗಾಬರಿಯಿಂದ ಆಮೆಯತ್ತ ನೋಡಿದಳು.

"ದೂರದಿಂದ ಬಂದ ಮಂದಿ. ದಣಿವಾರಿಸಿಕೊಂಡು ಊಟಕ್ಕೆ ಕೂರಬೇಡವೇ? ಅಲ್ಲಿಯವರೆಗೆ ನೀರು ಹಾಕು" ಎಂದಿತು ಆಮೆ.

ಪದುಮಲೆ ನೀರು ಹಾಕಿದಳು. ಮುದುಕನೂ ಹಾಕಿದ. ಮಾರನೆಯ ಬೆಳಗ್ಗೆ ಕುಂಬಾರನ ಮೀನು ರೆಕ್ಕೆ ಬಿಚ್ಚಿತು. ಅದರ ಹಿಂದೆ ಒಂದೊಂದಾಗಿ ಮೀನುಗಳು ಆಳಕ್ಕಿಳಿದವು. ಊರಿನ ಕೆಮ್ಮು ಮನೆಯಿಂದ ಮನೆಗೆ ನಿಲ್ಲುತ್ತ ಬಂತು. ಎಲ್ಲಕ್ಕಿಂತ ಕೊನೆಗೆ, ಎಲ್ಲರೂ ಆಸೆ ಬಿಟ್ಟ ಹೊತ್ತಿಗೆ, ಬಿಳಿಯ ಮೀನು ತಳದಿಂದೆದ್ದು ಒಂದು ಸುತ್ತು ಬಂತು. ಒಳಮನೆಯಿಂದ ರಾಣಿಯ ದನಿ ಕೇಳಿಸಿತು. "ಪದುಮಾ, ಯಾರಾದರೂ ಒಲೆ ಹಚ್ಚಿದಿರಾ?"

ರಾಜ ಗೋಡೆಗೆ ಮುಖ ಹಚ್ಚಿ ಅತ್ತುಬಿಟ್ಟ.

ಮುದುಕ ಅಂಗಳದ ಮೂಲೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನೋ ಅರ್ಥವಾಗದವನಂತೆ ಕೂತಿದ್ದ.

"ಏನಾಯಿತು ಅಜ್ಜಾ?" ಎಂದು ಪದುಮಲೆ ಕೇಳಿದಳು.

"ಇಲ್ಲಿ ಏನೋ ಸಂಕಟ. ಹುಡುಗನಾಗಿದ್ದಾಗ ಆಗುತ್ತಿತ್ತು. ಹೆಸರು ಮರೆತಿದೆ."

"ಅದು ಹಸಿವು" ಎಂದಳು ಅವಳು. ಒಳಗೆ ಹೋಗಿ, ತಾಯಿ ಕಾಯಿಸಿದ ಗಂಜಿಯನ್ನು ಬಟ್ಟಲಿಗೆ ಬಡಿಸಿ ತಂದುಕೊಟ್ಟಳು. ಅವನು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಊದಿ ಊದಿ ಕುಡಿದ.

ಅವನು ಇನ್ನೂ ಹಲವು ವರ್ಷ ಬಾಳಿ, ಎಲ್ಲರ ಹಾಗೆ ಒಂದು ದಿನ ತೀರಿಕೊಂಡ. ಮೀನ್ಗೊಳದ ಮಂದಿ ಹೊಟ್ಟೆ ತುಂಬ ಉಂಡು, ಎದೆ ತುಂಬ ಉಸಿರಾಡಿ, ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿದ್ದರು.