ಹಿಮ್ಮೇಳವಿಲ್ಲದ ಹಾಡು

"ಕಟ್!"

ನಾಲ್ಕನೆಯ ಸಲ! ಮಲಪ್ರಭೆಯ ನವಿಲುತೀರ್ಥದ ದಂಡೆಯಲ್ಲಿ ಹಸಿರು ಇಳಕಲ್ ಸೀರೆಯುಟ್ಟು ನಿಂತಿದ್ದ ರಾಚವ್ವನ ಕಣ್ಣು ತುಂಬಿ ಬಂತು.

೧೯೭೪ರ ಆ ಮಾಗಿಯಲ್ಲಿ, ಊರೂರು ನಗಿಸಿದ್ದ 'ಬಳೆಗಾರ ಗಂಡ' ಎಂಬ ಸಣ್ಣಾಟ, ಆ ಕಡೆಯ ಹಳ್ಳಿಯ ಹಾಡುನಾಟಕ, ಸಿನಿಮಾ ಆಗುತ್ತಿತ್ತು. ಮುನಿದ ಹೆಂಡತಿಯನ್ನು ಒಲಿಸಲು ಗಂಡ ಬಳೆಗಾರನ ವೇಷದಲ್ಲಿ ಬರುತ್ತಾನೆ, ಆದರೆ ಪೆದ್ದನಿಗೆ ಅವಳ ಕೈಯಳತೆಯೇ ಗೊತ್ತಿಲ್ಲ! ಆರು ವರ್ಷದಿಂದ ಆ ಹೆಂಡತಿಯ ಪಾತ್ರ ರಾಚವ್ವನದೇ. ಇಂದು ಮಾತ್ರ ಒಂದು ಸಾಲು ಹಾಡಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಕಾಗದದ ಕಟ್ಟು ಹಿಡಿದ ತರುಣನೊಬ್ಬ ಹತ್ತಿರ ಬಂದ. ಆಟವನ್ನು ಸಿನಿಮಾಕ್ಕೆ ಬರೆದುಕೊಟ್ಟ ಬೈಲಹೊಂಗಲದ ನಿಜಗುಣಪ್ಪ.

"ಹಾಡು ಮರ್ತ್ರೇನ್ರಿ?"

"ಮರ್ತಿಲ್ರಿ! ಹಿಮ್ಮೇಳದವ್ರು ನನ್ನ ಸಾಲು ಎತ್ತಿಕೊಳ್ಳಲಿ ಅಂತ ಕಾಯಾಕತ್ತೇನಿ. ಅವರು ಎತ್ತದ ನನಗ ಮುಂದಿನ ಸಾಲು ಬರೂದಿಲ್ಲ. ನಮ್ಮ ಹಿಮ್ಮೇಳದ ಶಂಕ್ರೆಪ್ಪ ಕಾಕಾನ್ನ ಯಾಕ ಕರೀಲಿಲ್ಲ?"

ಅವನು ತಲೆ ತಗ್ಗಿಸಿದ. "ಹಿಮ್ಮೇಳ... ನಾನೇ ತಗದೇನ್ರಿ. ಪಿಚ್ಚರದಾಗ ಉದ್ದ ಆಗತೈತಿ ಅಂತ."

ರಾಚವ್ವನ ಎದೆಗೆ ಬೆಂಕಿ ಬಿತ್ತು. ಅವಳಿಗೆ ತಾಳ ಹೇಳಿಕೊಟ್ಟ ಕಾಕಾ! ಅವನ ಮೂವತ್ತು ವರ್ಷದ ದನಿಯನ್ನು ಈತ ಪೆನ್ನಿನಿಂದ ಒಂದು ಗೀಟು ಎಳೆದು ಅಳಿಸಿದನೇ?

"ನೀವು ಸಣ್ಣಾಟ ಒಮ್ಮಿನೂ ನೋಡಿಲ್ಲ ಬಿಡ್ರಿ!"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಿರ್ದೇಶಕರು ಕೂಗಿದರು. "ಸಂಜೆಯೊಳಗೆ ಸರಿಹೋಗದಿದ್ದರೆ ನಾಳೆ ಬೆಂಗಳೂರಿನಿಂದ ಬೇರೆ ನಟಿಯನ್ನು ಕರೆಸುತ್ತೇನೆ!"

ನಿಜಗುಣಪ್ಪ ಅವರ ಕಿವಿಯಲ್ಲಿ ಏನೋ ಹೇಳಿ, ಯಾರದೋ ಮೋಟಾರು ಸೈಕಲ್ ಹತ್ತಿ ಹೊರಟೇಬಿಟ್ಟ.

'ಬೇರೆಯವಳಿಗೆ ತಂತಿ ಕೊಡಲು ಹೋದ...' ಅಂದುಕೊಂಡಳು ರಾಚವ್ವ. ಪಾತ್ರ ಹೋದರೆ ಸಂಕಟವೇ. ಆದರೆ ಆ ಮೆತ್ತನೆಯ ದನಿಯವನೇ ಅದನ್ನು ಕಿತ್ತುಕೊಳ್ಳುತ್ತಾನೆಂಬುದು ಯಾಕೆ ಇಷ್ಟು ಉರಿಯುತ್ತಿದೆ? ಒಂದು ಗಳಿಗೆಯ ಪರಿಚಯ! ಹುಚ್ಚು ಮನಸ್ಸಿಗೆ ಲೆಕ್ಕಾಚಾರ ಎಲ್ಲಿಂದ ಬರಬೇಕು?

ಮಧ್ಯಾಹ್ನ ಇಳಿಯಿತು. ಮಲಪ್ರಭೆಯ ನೀರೆಲ್ಲ ಅರಿಸಿನ ಕದಡಿದಂತಾಯಿತು. ದಡದ ಮೇಲೆ ಕೂತ ರಾಚವ್ವ ಎಲ್ಲಿದ್ದೇನೆಂಬುದನ್ನೇ ಮರೆತು ಆ ಬಣ್ಣ ನೋಡುತ್ತಿದ್ದಳು. ಹೊರಡೋಣವೆಂದು ಎದ್ದಾಗ ಮೋಟಾರು ಸೈಕಲ್ ಬಂದು ನಿಂತಿತು.

ಹಿಂದಿನ ಸೀಟಿನಲ್ಲಿ ರುಮಾಲು ಗಟ್ಟಿಯಾಗಿ ಹಿಡಿದುಕೊಂಡ ಶಂಕ್ರೆಪ್ಪ ಕಾಕಾ!

"ನಮ್ಮೂರು ಉಗರಗೋಳಕ್ಕ ಬಂದು ಕಾಲಿಗೆ ಬಿದ್ದ ನೋಡವ್ವಾ ಈ ಹುಡುಗ," ಎಂದ ಕಾಕಾ ಮೈಯ ಧೂಳು ಕೊಡವುತ್ತ. "ರಾಚವ್ವನ್ನ ತಗದ್ರ ನನ್ನ ಹೆಸರೂ ತಗೀರಿ ಅಂತ ಸಾಹೇಬ್ರಿಗೆ ಹೇಳಿ ಬಂದಾನಂತ!"

ರಾಚವ್ವ ಸೆರಗು ಸರಿಪಡಿಸಿಕೊಂಡು ಕ್ಯಾಮೆರಾದ ಮುಂದೆ ಹೋಗಿ ನಿಂತಳು.

ಉಳಿದದ್ದು ಒಂದು ಶಾಟ್‌ಗಾಗುವಷ್ಟು ಬೆಳಕು. ಅವಳು ಸಾಲು ಹಾಡಿದಳು. ಕ್ಯಾಮೆರಾದ ಹಿಂದಿನಿಂದ ಕಾಕಾ ಎತ್ತಿಕೊಂಡ. ಆಮೇಲೆ ಅವಳು ನಿಲ್ಲಲೇ ಇಲ್ಲ... ಮುನಿದಳು, ಅಣಕಿಸಿದಳು, ನಕ್ಕಳು. ನಿರ್ದೇಶಕರು ಕಟ್ ಹೇಳುವುದನ್ನೇ ಮರೆತರು.

"ಹಿಮ್ಮೇಳ ಇರಲಿ," ಎಂದರು ಕೊನೆಗೆ. "ರಾಚವ್ವನವರೂ ಇರಲಿ."

ಎಲ್ಲರೂ ಚಹಾಕ್ಕೆ ಹೋದರು. ರಾಚವ್ವ ನಿಜಗುಣಪ್ಪನ ಎದುರು ನಿಂತಳು.

"ತಪ್ಪು ತಿಳಕೊಂಡಿದ್ನಿರಿ... ಆದ್ರ ಹಿಮ್ಮೇಳ ಯಾಕ ತಗದ್ರಿ? ಖರೇ ಹೇಳ್ರಿ."

ಅವನ ಕಿವಿ ಕೆಂಪಾದವು. "ಈ ಆಟ ನಾ ಮೂರು ವರ್ಷದಾಗ ಏಳು ಸಲ ನೋಡೇನಿ ರಾಚವ್ವ. ಕಿತ್ತೂರಾಗ, ಯರಗಟ್ಟಿಯಾಗ, ನೀವು ಹ್ವಾದಲ್ಲೆಲ್ಲ... ಬರಿಯಾಕ ಕುಂತಾಗ ನಿಮ್ಮ ದನಿ ಬಿಟ್ಟು ಬ್ಯಾರೆ ಯಾರ ದನಿನೂ ನೆನಪಿಗೇ ಬರಲಿಲ್ಲ."

ಆಹಾ! ಹಿಮ್ಮೇಳವನ್ನು ಅಳಿಸಿದ್ದು ಪೆನ್ನಲ್ಲ, ಏಳು ಆಟದಲ್ಲೂ ಅವಳ ದನಿಯನ್ನೇ ಕೇಳಿದ ಕಿವಿ! ಅವಳ ಎದೆಯ ಉರಿಯೆಲ್ಲ ತಂಪಾಯಿತು.

"ಮೂರು ವರ್ಷ ಸುಮ್ನ ನೋಡಿದ್ರಿ?"

"ಧೈರ್ಯ ಆಗ್ಲಿಲ್ರಿ. ಈಗ ಹೇಳತೇನಿ... ನನ್ನ ಮದವಿ ಆಗ್ತೀರೇನು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಿರಿಯಾರನ್ನ ಕರಕೊಂಡು ಮನಿಗೆ ಬರ್ರಿ."

"ನಾಳೆನ ಬರ್ಲೇನು?"

"ನಾಳೆ ಶೂಟಿಂಗ್ ಐತೆಲ್ರಿ..." ರಾಚವ್ವ ನಕ್ಕಳು. "ನಾಡಿದ್ದು ಬರ್ರಿ."